ಬೆಂದ ಪಾಸ್ತಾದ ಒಣತೂಕ ತೋರಿಸುವ ತಕ್ಕಡಿ: ಮನೆಯಲ್ಲೇ ಕಟ್ಟಿದ ಬಗೆ

ಪಾಸ್ತಾ ಪೊಟ್ಟಣದ ಹಿಂಬದಿಯಲ್ಲಿ ಅಚ್ಚಾಗಿರುವ ಕ್ಯಾಲೊರಿ ಲೆಕ್ಕ ಒಣ ಪಾಸ್ತಾದ್ದು. ತಟ್ಟೆಗೆ ಬರುವುದು ನೀರು ಕುಡಿದು ಎರಡು ಪಟ್ಟಿಗಿಂತ ಹೆಚ್ಚು ತೂಕವಾದ ಬೆಂದ ಪಾಸ್ತಾ. ನಮ್ಮ ಮನೆಗೆ ತರುವ ಪೆನ್ನೆ ಎಂಬ ಕೊಳವೆಯಾಕಾರದ ಪಾಸ್ತಾದ ಪೊಟ್ಟಣದಲ್ಲಿ 100 ಗ್ರಾಂಗೆ 352 ಕಿಲೋಕ್ಯಾಲೊರಿ ಎಂದಿದೆ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಲ್ಲಿ ಒಣ ಪಾಸ್ತಾಕ್ಕೆ 371, ಬೆಂದದ್ದಕ್ಕೆ 158 ಎಂಬ ಅಂಕಿಗಳಿವೆ. ಮೊಬೈಲ್ ಆ್ಯಪ್‌ಗಳಲ್ಲಿ ಪಾಸ್ತಾ ಎಂದು ಹುಡುಕಿದರೆ ಈ ಎರಡೂ ಬಗೆಯ ಅಂಕಿಗಳು ಒಂದರ ಕೆಳಗೊಂದು ಬರುತ್ತವೆ. ಬೆಂದ 200 ಗ್ರಾಂ ಪಾಸ್ತಾವನ್ನು ಒಣ ಪಾಸ್ತಾದ ಸಾಲಿನಲ್ಲಿ ನಮೂದಿಸಿದವರಿಗೆ 316 ಬರಬೇಕಾದ ಕಡೆ 742 ಸಿಗುತ್ತದೆ. ಒಣ 80 ಗ್ರಾಂ ಅನ್ನು ಬೆಂದದ್ದರ ಸಾಲಿನಲ್ಲಿ ಬರೆದವರಿಗೆ ಸುಮಾರು 297ರ ಬದಲು 126 ಸಿಗುತ್ತದೆ. ದಿನವಿಡೀ ಎಣ್ಣೆ, ಸಕ್ಕರೆಗಳಲ್ಲಿ ತೋರಿದ ಎಚ್ಚರವೆಲ್ಲ ಇಂಥ ಒಂದು ನಮೂದಿನಲ್ಲಿ ಕೊಚ್ಚಿಹೋಗುತ್ತದೆ.

ಒಬ್ಬರೇ ಇರುವ ಮನೆಯಲ್ಲಿ ಪರಿಹಾರ ಸುಲಭ: ಬೇಯಿಸುವ ಮುನ್ನ ಒಣ ಪಾಸ್ತಾವನ್ನು ತೂಗಿ, ಬೇಯಿಸಿ, ಪೂರ್ತಿ ತಿಂದರಾಯಿತು. ನಮ್ಮದು ನಾಲ್ಕು ಜನರ ಮನೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಒಂದು ಊಟಕ್ಕೆ ಒಣತೂಕದಲ್ಲಿ 60 ಗ್ರಾಂ ದಾಟಬಾರದೆಂದು ಅವರ ಆಹಾರ ತಜ್ಞರು ಹೇಳಿದ್ದಾರೆ. ಒಣ ಪಾಸ್ತಾದ ತೂಕದಲ್ಲಿ ಮುಕ್ಕಾಲು ಪಾಲು ಕಾರ್ಬೋಹೈಡ್ರೇಟ್ ಆದ್ದರಿಂದ ಅದು ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಆಗುತ್ತದೆ. ಓಟದ ಅಭ್ಯಾಸ ಮಾಡುವ ತಮ್ಮನಿಗೆ 100 ಗ್ರಾಂ ಬೇಕು. ನನಗೂ ಅಮ್ಮನಿಗೂ ತಲಾ 80 ಗ್ರಾಂ. ಇಟಲಿಯ ಆಹಾರ ಮಾರ್ಗಸೂಚಿಯಲ್ಲಿ ಒಬ್ಬರ ಪಾಲೆಂದು ಹೇಳಿರುವುದೂ ಇಷ್ಟೇ. ಈ 320 ಗ್ರಾಂ ಒಂದೇ ಪಾತ್ರೆಯಲ್ಲಿ ಬೇಯುತ್ತದೆ, ಬೆಂದ ಮೇಲೆ ಯಾವುದು ಯಾರ ಪಾಲು ಎಂದು ಪಾಸ್ತಾವನ್ನು ನೋಡಿ ಹೇಳಲಾಗದು.

ಲೆಕ್ಕದ ಮೂಲ ಸರಳವಾಗಿದೆ. ಒಣಗಿದ್ದಾಗಿನ ಒಟ್ಟು ತೂಕ, ಬೆಂದು ಬಸಿದ ಮೇಲಿನ ಒಟ್ಟು ತೂಕ, ತಟ್ಟೆಗೆ ಬಡಿಸಿದ ತೂಕ ಈ ಮೂರು ಗೊತ್ತಿದ್ದರೆ ತಟ್ಟೆಯ ತೂಕವನ್ನು ಒಣತೂಕದಿಂದ ಗುಣಿಸಿ ಬೆಂದ ತೂಕದಿಂದ ಭಾಗಿಸಿದಾಗ ಆ ತಟ್ಟೆಯಲ್ಲಿರುವ ಒಣ ಪಾಸ್ತಾ ಎಷ್ಟೆಂಬುದು ಸಿಗುತ್ತದೆ. ಯಾವ ಕೋಷ್ಟಕವೂ ಬೇಕಿಲ್ಲ, ಆ ದಿನದ ಆ ಪಾತ್ರೆಯೇ ತನ್ನ ಅಂಕಿಯನ್ನು ತಾನೇ ಕೊಡುತ್ತದೆ. ಇದನ್ನು ಅಂಗಡಿಯಲ್ಲಿ ಸಿಗುವ ಸಾಧಾರಣ ಅಡುಗೆ ತಕ್ಕಡಿ ಮತ್ತು ಮೊಬೈಲಿನ ಕ್ಯಾಲ್ಕ್ಯುಲೇಟರ್‌ನಿಂದಲೇ ಮಾಡಬಹುದು. ಎಲೆಕ್ಟ್ರಾನಿಕ್ಸ್‌ನಲ್ಲಿ ಆಸಕ್ತಿ ಇಲ್ಲದವರು ಹಾಗೆಯೇ ಮಾಡಲಿ ಎಂಬುದು ನನ್ನ ಸಲಹೆ. ಆದರೆ ಒಲೆಯ ಮುಂದೆ, ಒದ್ದೆ ಕೈಯಲ್ಲಿ, ಎಲ್ಲರೂ ತಟ್ಟೆ ಹಿಡಿದು ನಿಂತಿರುವಾಗ ಗುಣಿಸಿ ಭಾಗಿಸುವ ಕೆಲಸ ಹೆಚ್ಚು ದಿನ ನಡೆಯುವುದಿಲ್ಲ. ಮುಖ್ಯವಾಗಿ, ನಾನು ಮನೆಯಲ್ಲಿ ಇಲ್ಲದಾಗ ಅಪ್ಪನ ಪಾಲು ಅಂದಾಜಿನಲ್ಲಿ ಹೋಗಬಾರದು ಎಂಬ ಕಾಳಜಿಯಿಂದ, ಆ ಭಾಗಾಕಾರವನ್ನು ತಾನೇ ಮಾಡಿ ಒಣತೂಕವನ್ನೇ ನೇರವಾಗಿ ತೋರಿಸುವ ತಕ್ಕಡಿಯೊಂದನ್ನು ಕಟ್ಟಲು ನಿರ್ಧರಿಸಿದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬೇಕಾದ ಎಲ್ಲ ಭಾಗಗಳೂ ಒಂದೇ ಸಾಲಿನ ಅಂಗಡಿಗಳಲ್ಲಿ ದೊರೆತವು: ಭಾರವನ್ನು ವಿದ್ಯುತ್ ಸಂಕೇತವಾಗಿಸುವ, 5 ಕಿಲೋ ಸಾಮರ್ಥ್ಯದ ಪಟ್ಟಿಯಾಕಾರದ ಲೋಡ್ ಸೆಲ್, ಎಚ್‌ಎಕ್ಸ್ 711 ಚಿಪ್ ಇರುವ ಪುಟ್ಟ ಬೋರ್ಡು, ಪ್ರೋಗ್ರಾಂ ಬರೆದು ಹಾಕಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡಾದ ಆರ್ಡುಯಿನೊ ನ್ಯಾನೊ, 128×64 ಚುಕ್ಕಿಗಳ ಒಎಲ್ಇಡಿ ಪರದೆ, ಒತ್ತುವ ಮೂರು ಗುಂಡಿಗಳು. 1 ಕಿಲೋ ಸೆಲ್ ಇನ್ನಷ್ಟು ಸೂಕ್ಷ್ಮವಾಗಿರುತ್ತದೆ ಎಂದು ಅಂಗಡಿಯವರು ಹೇಳಿದ್ದು ನಿಜವೇ. ಆದರೆ ನಮ್ಮ ಪಾಸ್ತಾ ಪಾತ್ರೆಯೇ 900 ಗ್ರಾಂ ಸಮೀಪ ತೂಗುತ್ತದೆ, ಅದರೊಳಗೆ ಬೆಂದ ಪಾಸ್ತಾ ಇನ್ನೂ 700 ಗ್ರಾಂ ಸೇರುತ್ತದೆ. ಸಾಮರ್ಥ್ಯ ಮೀರಿದ ಭಾರ ಹೇರಿದರೆ ಸೆಲ್ಲಿನ ಅಲ್ಯುಮಿನಿಯಂ ಪಟ್ಟಿ ಶಾಶ್ವತವಾಗಿ ಬಾಗಿಬಿಡುತ್ತದೆ, ಆಮೇಲೆ ಅದು ಸೊನ್ನೆಗೆ ಮರಳುವುದಿಲ್ಲ.

ಲೋಡ್ ಸೆಲ್ ಎಂಬುದು ನಡುವೆ ತೂತು ಕೊರೆದ ಅಲ್ಯುಮಿನಿಯಂ ಪಟ್ಟಿ. ಒಂದು ತುದಿಯನ್ನು ತಳಕ್ಕೆ ಬಿಗಿದು ಇನ್ನೊಂದು ತುದಿಯ ಮೇಲೆ ಭಾರ ಇಟ್ಟರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ತೂತಿನ ಬಳಿ ಪಟ್ಟಿ ತೆಳುವಾಗಿರುವ ಕಡೆ ಅಂಟಿಸಿರುವ ನಾಲ್ಕು ಸ್ಟ್ರೇನ್ ಗೇಜ್‌ಗಳಲ್ಲಿ ಎರಡು ಹಿಗ್ಗಿ ಎರಡು ಕುಗ್ಗುತ್ತವೆ, ಅವುಗಳ ವಿದ್ಯುತ್ ಪ್ರತಿರೋಧ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ನಾಲ್ಕನ್ನೂ ವೀಟ್‌ಸ್ಟನ್ ಸೇತುವೆಯಾಗಿ ಜೋಡಿಸಿರುವುದರಿಂದ ಆ ಬದಲಾವಣೆ ಸಣ್ಣದೊಂದು ವೋಲ್ಟೇಜ್ ಆಗಿ ಹೊರಬರುತ್ತದೆ. ಎಷ್ಟು ಸಣ್ಣದೆಂದರೆ, ಸೆಲ್ಲಿಗೆ 5 ವೋಲ್ಟ್ ಕೊಟ್ಟು ಪೂರ್ತಿ 5 ಕಿಲೋ ಹೇರಿದರೂ ಸಿಗುವುದು ಸುಮಾರು 5 ಮಿಲಿವೋಲ್ಟ್; ಅಂದರೆ ಒಂದು ಗ್ರಾಂಗೆ ಒಂದು ಮೈಕ್ರೋವೋಲ್ಟ್. ಒಂದು ಪೆನ್ನೆ ಕೊಳವೆಯ ತೂಕ ಹೆಚ್ಚುಕಡಿಮೆ ಅಷ್ಟೇ. ಎಚ್‌ಎಕ್ಸ್ 711 ಈ ಸಂಕೇತವನ್ನು 128 ಪಟ್ಟು ಹಿಗ್ಗಿಸಿ 24 ಬಿಟ್‌ಗಳ ಅಂಕಿಯಾಗಿ ಪರಿವರ್ತಿಸುತ್ತದೆ. ಅದರ ಅಳತೆಯ ವ್ಯಾಪ್ತಿ 20 ಮಿಲಿವೋಲ್ಟ್ ಮೇಲಕ್ಕೂ ಕೆಳಕ್ಕೂ ಇರುವುದರಿಂದ ಒಂದು ಗ್ರಾಂಗೆ ಸುಮಾರು 420 ಎಣಿಕೆ (ಅಂದರೆ ಆ ಅಂಕಿಯಲ್ಲಿ 420ರಷ್ಟು ಏರಿಕೆ) ಬರಬೇಕೆಂದು ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿಟ್ಟುಕೊಂಡಿದ್ದೆ. ಸೇತುವೆಗೆ ಹೋಗುವ ವೋಲ್ಟೇಜನ್ನೇ ಚಿಪ್ ತನ್ನ ಅಳತೆಗೋಲಾಗಿಯೂ ಬಳಸುವುದರಿಂದ ಮೊಬೈಲ್ ಚಾರ್ಜರಿನಿಂದ ಬರುವ ವಿದ್ಯುತ್ತಿನ ಸಣ್ಣ ಏರಿಳಿತ ತೂಕವನ್ನು ಕೆಡಿಸುವುದಿಲ್ಲ.

ತಳಕ್ಕೆ ಮತ್ತು ಮೇಲ್ಹಲಗೆಗೆ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಬಳಸಿದೆ. ಎರಡೂ ಒಂದೊಂದು ಅಡಿಗಿಂತ ಸ್ವಲ್ಪ ಚಿಕ್ಕ ಚೌಕಗಳು, ನೀರು ಬಿದ್ದರೆ ಉಬ್ಬದಂತೆ ಅಂಚುಗಳಿಗೂ ವಾರ್ನಿಷ್ ಹಚ್ಚಿದ್ದೇನೆ. ಸೆಲ್ಲಿನ ಒಂದು ತುದಿಯಲ್ಲಿ ಎಂ5, ಇನ್ನೊಂದರಲ್ಲಿ ಎಂ4 ತಿರುಪಿಗೆ ತೂತುಗಳಿವೆ. ಇಲ್ಲಿ ಗಮನಿಸಲೇಬೇಕಾದ ಸಂಗತಿ ಎಂದರೆ ಸೆಲ್ ಮತ್ತು ಹಲಗೆಯ ನಡುವೆ, ತಿರುಪು ಇರುವ ತುದಿಯಲ್ಲಿ ಮಾತ್ರ, ಎರಡೆರಡು ವಾಷರ್ ಇಡಬೇಕು. ವಾಷರ್ ಇಲ್ಲದೆ ಪಟ್ಟಿಯನ್ನು ಪೂರ್ತಿ ಹಲಗೆಗೆ ಒತ್ತಿ ಬಿಗಿದರೆ ಅದಕ್ಕೆ ಬಾಗಲು ಜಾಗವೇ ಇರುವುದಿಲ್ಲ, ಭಾರದ ಒಂದು ಪಾಲು ನೇರವಾಗಿ ಮರಕ್ಕೆ ಇಳಿದುಹೋಗುತ್ತದೆ. ಪಟ್ಟಿಯ ತುದಿಯಲ್ಲಿ ಅಚ್ಚಾಗಿರುವ ಬಾಣದ ಗುರುತು ಕೆಳಮುಖವಾಗಿರಬೇಕು. ಮೇಲ್ಹಲಗೆಯ ನಟ್ಟನಡುವೆ ಸೆಲ್ಲಿನ ಮಧ್ಯಬಿಂದು ಬರುವಂತೆ ಗುರುತು ಹಾಕಿ ಕೊರೆಯುವುದಕ್ಕೆ ಉಳಿದ ಮರಗೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅದು ವ್ಯರ್ಥವಾಗಲಿಲ್ಲ ಎಂಬುದು ಮುಂದೆ ಮೂಲೆಗಳನ್ನು ಪರೀಕ್ಷಿಸಿದಾಗ ತಿಳಿಯಿತು.

ಸೆಲ್ಲಿನಿಂದ ಹೊರಬರುವ ನಾಲ್ಕು ತಂತಿಗಳಲ್ಲಿ ಕೆಂಪು, ಕಪ್ಪು ಸೇತುವೆಗೆ ವಿದ್ಯುತ್ ಒಯ್ಯುತ್ತವೆ. ಹಸಿರು, ಬಿಳಿ ಸಂಕೇತ ತರುತ್ತವೆ. ಹಸಿರು, ಬಿಳಿ ಅದಲುಬದಲಾದರೆ ಯಾವ ಹಾನಿಯೂ ಇಲ್ಲ, ತೂಕ ಮೈನಸ್ ಚಿಹ್ನೆಯೊಂದಿಗೆ ಬರುತ್ತದೆ ಅಷ್ಟೆ. ತಂತಿಗಳನ್ನು ಉದ್ದ ಮಾಡದೆ ಎಚ್‌ಎಕ್ಸ್ 711 ಬೋರ್ಡನ್ನು ಸೆಲ್ಲಿನ ಪಕ್ಕದಲ್ಲೇ ತಳದ ಹಲಗೆಗೆ ಕೂರಿಸಿ ಬೆಸುಗೆ ಹಾಕಿದೆ. ಮೈಕ್ರೋವೋಲ್ಟ್ ಲೆಕ್ಕದ ಸಂಕೇತ ಉದ್ದ ತಂತಿಯಲ್ಲಿ ಸಾಗಿದಷ್ಟೂ ಮಿಕ್ಸಿ, ಫ್ರಿಜ್‌ಗಳ ವಿದ್ಯುತ್ ಗದ್ದಲ ಅದರೊಳಗೆ ಸೇರಿಕೊಳ್ಳುತ್ತದೆ.

ಮಾಪನಾಂಕ ನಿರ್ಣಯಕ್ಕೆ, ಅಂದರೆ ತಕ್ಕಡಿಯ ಎಣಿಕೆಯನ್ನು ಗ್ರಾಂಗೆ ಹೊಂದಿಸುವುದಕ್ಕೆ, ನಂಬಿಕೆಗೆ ತಕ್ಕ ತೂಕ ಬೇಕು. ಹಾಲಿನ ಪೊಟ್ಟಣ, ಸಕ್ಕರೆ ಪೊಟ್ಟಣ ಇಟ್ಟು ಹೊಂದಿಸುವವರು ಇದ್ದಾರೆ. ಆದರೆ ಅವುಗಳ ಮೇಲಿನ ಅಂಕಿ ಒಳಗಿನ ವಸ್ತುವಿನದು, ಪ್ಲಾಸ್ಟಿಕ್ಕಿನ ತೂಕ ಬೇರೆ. ತುಂಬುವಾಗ ಸ್ವಲ್ಪ ಹೆಚ್ಚುಕಡಿಮೆಯೂ ಇರುತ್ತದೆ. ಪರಿಚಯದ ದಿನಸಿ ಅಂಗಡಿಯವರ ಬಳಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ ಹಳೆಯ ತೂಕದ ಬೊಟ್ಟುಗಳಿದ್ದವು, ಒಂದು ಸಂಜೆಯ ಮಟ್ಟಿಗೆ ಕೇಳಿ ತಂದೆ. ಖಾಲಿ ಹಲಗೆಯ ಎಣಿಕೆಯನ್ನು ಮೊದಲು ಬರೆದುಕೊಂಡು, 1 ಕಿಲೋ ಬೊಟ್ಟು ಇಟ್ಟು, ಎಣಿಕೆ ನಿಂತ ಮೇಲೆ ಎರಡರ ವ್ಯತ್ಯಾಸವನ್ನು ಸಾವಿರದಿಂದ ಭಾಗಿಸಿದಾಗ ಗ್ರಾಂಗೆ 417 ಬಂತು. ಕಾಗದದ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದರಿಂದ ಸೆಲ್ ಯಾವುದಕ್ಕೂ ಒತ್ತಿಕೊಳ್ಳದೆ ಬಾಗುತ್ತಿದೆ ಎಂಬುದು ಖಚಿತವಾಯಿತು. ಅನಂತರ 500, 200, 100 ಗ್ರಾಂ ಬೊಟ್ಟುಗಳನ್ನು ಒಂದೊಂದಾಗಿ ಇಟ್ಟು ನೋಡಿದಾಗ ಎಲ್ಲವೂ ಒಂದು ಗ್ರಾಂ ಒಳಗೆ ಬಂದವು. ಬೊಟ್ಟುಗಳನ್ನು ಹಿಂದಿರುಗಿಸಿದ ಮೇಲೆ ಆಗಾಗ ಪರೀಕ್ಷಿಸಲು ನಾಣ್ಯಗಳನ್ನು ಇಟ್ಟುಕೊಂಡಿದ್ದೇನೆ. 20 ರೂಪಾಯಿಯ ನಾಣ್ಯ 8.54 ಗ್ರಾಂ ತೂಗುತ್ತದೆ; ಹತ್ತು ನಾಣ್ಯ ಸೇರಿಸಿದರೆ 85.4 ಗ್ರಾಂ, ಅಂದರೆ ಒಬ್ಬರ ಒಣ ಪಾಸ್ತಾದ ಪಾಲಿನ ಆಸುಪಾಸಿನಲ್ಲೇ ತಕ್ಕಡಿಯನ್ನು ಪರೀಕ್ಷಿಸಿದಂತಾಗುತ್ತದೆ.

ಪಾತ್ರೆಯನ್ನು ಯಾರೂ ನಟ್ಟನಡುವೆಯೇ ಇಡುವುದಿಲ್ಲವಾದ್ದರಿಂದ 500 ಗ್ರಾಂ ಬೊಟ್ಟನ್ನು ಹಲಗೆಯ ನಾಲ್ಕು ಮೂಲೆಗಳಲ್ಲೂ ಇಟ್ಟು ನೋಡಿದ್ದೆ. 499ರಿಂದ 502ರವರೆಗೆ ತೋರಿತು, ಇದು ನಮ್ಮ ಕೆಲಸಕ್ಕೆ ಧಾರಾಳ ಸಾಕು. ಬಿಸಿ ಪಾತ್ರೆಯ ಪರೀಕ್ಷೆ ಇದಕ್ಕಿಂತ ಮುಖ್ಯವಾದದ್ದು. ಕುದಿಯುವ ನೀರಿನಿಂದ ಆಗಷ್ಟೇ ಇಳಿಸಿದ ಪಾತ್ರೆಯ ಕಾವು ಸೆಲ್ಲಿಗೆ ತಗುಲಿದರೆ ಲೋಹ ಹಿಗ್ಗಿ ಸೊನ್ನೆಯೇ ಸರಿದುಹೋಗುತ್ತದೆ. ಮೇಲ್ಹಲಗೆಯ ಪ್ಲೈವುಡ್ಡೇ ಒಂದು ಮಟ್ಟಿಗೆ ತಡೆಯುತ್ತದೆಯಾದರೂ ಅದರ ಮೇಲೆ ಕಾರ್ಕ್ ಹಾಳೆಯೊಂದನ್ನು ಅಂಟಿಸಿದೆ. ಈಗ ಬಿಸಿ ಪಾತ್ರೆಯನ್ನು ಐದು ನಿಮಿಷ ಬಿಟ್ಟು ತೆಗೆದರೂ ಸೊನ್ನೆ ಒಂದು ಗ್ರಾಂಗಿಂತ ಹೆಚ್ಚು ಕದಲುವುದಿಲ್ಲ.

ಪರದೆಯ ವಿಷಯದಲ್ಲಿ ನನಗೊಂದು ಹಟವಿತ್ತು: ಅದು ಕನ್ನಡದಲ್ಲಿರಬೇಕು. ಸಾಮಾನ್ಯವಾಗಿ ಬಳಸುವ, ಹದಿನಾರು ಅಕ್ಷರಗಳ ಎರಡು ಸಾಲು ತೋರಿಸುವ 16×2 ಎಲ್‌ಸಿಡಿ ಅಗ್ಗವಾಗಿ ಸಿಗುತ್ತದೆ, ಆದರೆ ಅದರಲ್ಲಿ ನಾವೇ ರೂಪಿಸಿದ ಅಕ್ಷರಗಳಿಗೆ ಎಂಟು ಜಾಗಗಳು ಮಾತ್ರ ಇವೆ, ಪ್ರತಿಯೊಂದೂ ಐದು ಚುಕ್ಕಿ ಅಗಲದ್ದು. ಒತ್ತಕ್ಷರ, ಗುಣಿತಗಳಿಗೆ ಅಲ್ಲಿ ಅವಕಾಶವಿಲ್ಲ. ಒಎಲ್ಇಡಿ ಪರದೆಗೆ ಚುಕ್ಕಿಚಿತ್ರವನ್ನೇ ಕಳುಹಿಸಬಹುದು. ‘ಒಣ’, ‘ಬೆಂದ’, ‘ತಟ್ಟೆ’, ‘ಗ್ರಾಂ’ ಮುಂತಾದ ಪದಗಳನ್ನು ಕಂಪ್ಯೂಟರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಕಪ್ಪುಬಿಳುಪು ಚಿತ್ರವಾಗಿ ಉಳಿಸಿ, ಬೈಟ್‌ಗಳ ಸಾಲಾಗಿ ಪರಿವರ್ತಿಸಿ ಪ್ರೋಗ್ರಾಮಿನೊಳಗೆ ಸೇರಿಸಿದೆ. ನ್ಯಾನೊದಲ್ಲಿ ಕೆಲಸದ ಮೆಮೊರಿ ಕೇವಲ 2 ಕಿಲೋಬೈಟ್. ಅದರಲ್ಲಿ ಅರ್ಧವನ್ನು ಪರದೆಯೇ ನುಂಗುತ್ತದೆ. ಹೀಗಾಗಿ ಈ ಚಿತ್ರಗಳನ್ನು 32 ಕಿಲೋಬೈಟ್ ಫ್ಲ್ಯಾಷ್ ಮೆಮೊರಿಯಲ್ಲೇ ಉಳಿಸಿ, ತೋರಿಸುವಾಗ ಮಾತ್ರ ಓದಿಸಬೇಕಾಯಿತು. ಅಮ್ಮ ಕನ್ನಡಕ ಹಾಕಿಕೊಳ್ಳದೆ ಎರಡು ಹೆಜ್ಜೆ ದೂರದಿಂದ ಓದುವಷ್ಟು ದೊಡ್ಡ ಅಂಕಿಗಳಿವೆ, ಇದಕ್ಕಾಗಿ ಒಮ್ಮೆಗೆ ಒಂದೇ ಅಂಕಿ ತೋರಿಸುವುದೆಂದು ತೀರ್ಮಾನಿಸಿದೆ.

ಮೂರು ಗುಂಡಿಗಳ ಕೆಲಸ ಹೀಗಿದೆ. ಮೊದಲನೆಯದು ‘ಸೊನ್ನೆ’, ಖಾಲಿ ಬಟ್ಟಲನ್ನೋ ತಟ್ಟೆಯನ್ನೋ ಇಟ್ಟು ಒತ್ತಿದರೆ ಅದರ ತೂಕ ಕಳೆದುಹೋಗುತ್ತದೆ. ಎರಡನೆಯದು ‘ಒಣ’, ಹಲಗೆಯ ಮೇಲಿರುವ ಒಣ ಪಾಸ್ತಾದ ತೂಕವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಮೂರನೆಯದು ‘ಬೆಂದ’, ಬಸಿದ ಪಾಸ್ತಾದ ಒಟ್ಟು ತೂಕವನ್ನು ಹಿಡಿದಿಟ್ಟುಕೊಂಡು, ಅಲ್ಲಿಂದ ಮುಂದೆ ಇಟ್ಟ ಪ್ರತಿ ತಟ್ಟೆಯ ತೂಕವನ್ನೂ ಒಣತೂಕಕ್ಕೆ ಪರಿವರ್ತಿಸಿ ತೋರಿಸುತ್ತದೆ. ಬೆಂದ ಪಾಸ್ತಾ ಪಾತ್ರೆಯಲ್ಲೇ ಇರುವುದರಿಂದ ಆ ಪಾತ್ರೆಯ ಖಾಲಿ ತೂಕ ಮೊದಲೇ ಗೊತ್ತಿರಬೇಕಲ್ಲವೇ? ಮನೆಯಲ್ಲಿ ಪಾಸ್ತಾ ಬೇಯಿಸುವುದು ಎರಡೇ ಪಾತ್ರೆಗಳಲ್ಲಿ. ಅವೆರಡರ ತೂಕವನ್ನೂ ನ್ಯಾನೊದ ಇಇಪ್ರಾಮ್ ಮೆಮೊರಿಯಲ್ಲಿ ಬರೆದಿಟ್ಟಿದ್ದೇನೆ. ‘ಬೆಂದ’ ಗುಂಡಿಯನ್ನು ಒಮ್ಮೆ ಒತ್ತಿದರೆ ದೊಡ್ಡ ಪಾತ್ರೆ, ಎರಡು ಸಲ ಒತ್ತಿದರೆ ಚಿಕ್ಕದು. ವಿದ್ಯುತ್ ಹೋದರೂ ಇವು ಅಳಿಸಿಹೋಗುವುದಿಲ್ಲ. ಅಡುಗೆಯ ನಡುವೆ ಕರೆಂಟ್ ಹೋಗುವ ಸಂಭವ ಇರುವುದರಿಂದ ಆ ದಿನದ ಒಣತೂಕವನ್ನೂ ಅಲ್ಲಿಯೇ ಉಳಿಸುವಂತೆ ಮಾಡಿದೆ.

ಒಂದು ಅಡುಗೆಯ ಅಂಕಿಗಳನ್ನೇ ನೋಡೋಣ. ಒಣ ಪೆನ್ನೆ 320 ಗ್ರಾಂ, ಬೆಂದು ಬಸಿದ ಮೇಲೆ 710 ಗ್ರಾಂ, ತೂಕ 2.22 ಪಟ್ಟಾಗಿದೆ. ತಟ್ಟೆಗೆ 185 ಗ್ರಾಂ ಬಡಿಸಿದಾಗ ಪರದೆ 83 ಎಂದು ತೋರಿತು. ಪೊಟ್ಟಣದ 352ರ ಲೆಕ್ಕದಲ್ಲಿ ಅದು ಸುಮಾರು 293 ಕಿಲೋಕ್ಯಾಲೊರಿ. ಅಪ್ಪನ ತಟ್ಟೆಗೆ ಪರದೆಯಲ್ಲಿ 60 ಬರುವವರೆಗೆ ಬಡಿಸಿದರಾಯಿತು. ಬೆಂದ ತೂಕದಲ್ಲಿ ಅದು 133 ಗ್ರಾಂ ಎಂಬುದನ್ನು ಯಾರೂ ತಿಳಿಯಬೇಕಾಗಿಯೇ ಇಲ್ಲ. ಸೌಟಿನಿಂದ ಒಂದೊಂದೇ ತುಂಡು ಬೀಳುವಾಗ ಅಂಕಿ ಏರುವುದನ್ನು ನೋಡುತ್ತ ಬಡಿಸಲು ಅಮ್ಮನಿಗೆ ಮೊದಲ ಸಲವೇ ಸಾಧ್ಯವಾಯಿತು.

ತಕ್ಕಡಿ ಸಿದ್ಧವಾದ ಮೇಲೆ, ಆ 2.22 ಎಂಬ ಅಂಕಿ ಎಷ್ಟು ಸ್ಥಿರ ಎಂಬುದನ್ನು ಪರೀಕ್ಷಿಸುವ ಆಸೆಯಾಯಿತು. ಅದು ಸ್ಥಿರವಾಗಿದ್ದರೆ ಇಷ್ಟೆಲ್ಲ ಸಾಹಸವೇ ಬೇಕಿರಲಿಲ್ಲ, ಬೆಂದದ್ದನ್ನು ತೂಗಿ ಒಂದು ನಿಗದಿತ ಅಂಕಿಯಿಂದ ಭಾಗಿಸಿದರೆ ಸಾಕಿತ್ತು. ಒಂದೇ ಪೊಟ್ಟಣದ ಪೆನ್ನೆಯನ್ನು 300 ಗ್ರಾಂನಂತೆ ತೆಗೆದುಕೊಂಡು ಬೇರೆ ಬೇರೆ ಹೊತ್ತು ಬೇಯಿಸಿ ತೂಗಿದೆ. 9 ನಿಮಿಷಕ್ಕೆ, ನಡುವೆ ಇನ್ನೂ ಬಿಳಿ ಚುಕ್ಕಿ ಉಳಿದಿರುವಾಗ, 615 ಗ್ರಾಂ. 11 ನಿಮಿಷಕ್ಕೆ 672. ಅಪ್ಪನ ಇಷ್ಟದಂತೆ ಮೆತ್ತಗಾಗುವ 14 ನಿಮಿಷಕ್ಕೆ 738. ಅಂದರೆ 2.05ರಿಂದ 2.46ರವರೆಗೆ ವ್ಯತ್ಯಾಸ. ಇದೇ ಬೆಂದ 200 ಗ್ರಾಂ ತಟ್ಟೆಯಲ್ಲಿ ಗಟ್ಟಿ ಪಾಸ್ತಾವಾದರೆ ಸುಮಾರು 343 ಕಿಲೋಕ್ಯಾಲೊರಿ, ಮೆತ್ತನೆಯದಾದರೆ 286. ಹಿಟ್ಟು ಒಂದೇ, ತಟ್ಟೆಯ ತೂಕವೂ ಒಂದೇ, ನಡುವೆ ಬದಲಾದದ್ದು ನೀರು ಮಾತ್ರ.

ಕಾರಣ ಪಿಷ್ಟದಲ್ಲಿದೆ. ಪಾಸ್ತಾ ಮಾಡಲು ಬಳಸುವ ಡ್ಯೂರಮ್ ಗೋಧಿಯ ರವೆಯಲ್ಲಿರುವ ಪಿಷ್ಟದ ಕಣಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಹೀರಿ ಉಬ್ಬತೊಡಗುತ್ತವೆ. ಅದೇ ಹೊತ್ತಿಗೆ ಸುತ್ತಲಿನ ಗ್ಲುಟೆನ್ ಎಂಬ ಪ್ರೋಟೀನಿನ ಬಲೆ ಕಾವಿಗೆ ಗಟ್ಟಿಯಾಗಿ ಅವುಗಳನ್ನು ಹಿಡಿದುಕೊಳ್ಳುತ್ತದೆ. ನೀರು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯುವುದರಿಂದ ಹೊತ್ತು ಹೆಚ್ಚಿದಂತೆ ತೂಕ ಏರುತ್ತಲೇ ಹೋಗುತ್ತದೆ. ಇನ್ನೊಂದು ಸಂಗತಿ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಪೊಟ್ಟಣದ ಮೇಲಿನ ನಿಮಿಷಗಳೂ ಬೇರೆ ದೇಶದ ಅಡುಗೆಮನೆಯಲ್ಲಿ ಅಳೆದ ಬೆಂದ ತೂಕದ ಅಂಕಿಗಳೂ ನಮ್ಮ ಪಾತ್ರೆಗೆ ಹಾಗೆಯೇ ಹೊಂದುತ್ತವೆ ಎಂದು ಭರವಸೆ ಇಡಲಾಗದು. ಪ್ರತಿಸಲ ಒಣದ್ದನ್ನೂ ಬೆಂದದ್ದನ್ನೂ ತೂಗಲೇಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿ.

ಬಸಿಯುವ ವಿಧಾನವೂ ತೂಕಕ್ಕೆ ಸೇರುತ್ತದೆ. ಪೆನ್ನೆ, ಮೆಕರೋನಿಯಂಥ ಕೊಳವೆಗಳ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಜರಡಿಗೆ ಸುರಿದ ಕೂಡಲೇ ತೂಗಿದಾಗ ಇದ್ದದ್ದಕ್ಕಿಂತ ಒಂದು ನಿಮಿಷ ಅಲುಗಿಸಿ ಬಿಟ್ಟು ತೂಗಿದಾಗ 30 ಗ್ರಾಂನಷ್ಟು ಕಡಿಮೆ ಬಂದದ್ದುಂಟು. ಆ ನೀರು ಪಾತ್ರೆಯ ತಳಕ್ಕೆ ಇಳಿದು ಅಲ್ಲೇ ಉಳಿದರೆ ಮೊದಲು ಬಡಿಸಿದ ತಟ್ಟೆಗಳಿಗೆ ಪಾಸ್ತಾ ಹೆಚ್ಚು, ಕೊನೆಯ ತಟ್ಟೆಗೆ ನೀರು ಹೆಚ್ಚು ಬೀಳುತ್ತದೆ. ಚೆನ್ನಾಗಿ ಬಸಿದು, ಒಮ್ಮೆ ಕೆಳಗಿನಿಂದ ಮೇಲಕ್ಕೆ ಮಗುಚಿ, ಆಮೇಲೆಯೇ ‘ಬೆಂದ’ ಗುಂಡಿ ಒತ್ತಬೇಕು. ಒತ್ತಿದ ಮೇಲೆ ತಡ ಮಾಡಬಾರದು. ಬಿಸಿ ಪಾಸ್ತಾದಿಂದ ಹಬೆ ಏಳುತ್ತಿರುವಷ್ಟು ಹೊತ್ತೂ ಪಾತ್ರೆಯ ತೂಕ ಇಳಿಯುತ್ತಿರುತ್ತದೆ. ಹತ್ತು ನಿಮಿಷ ತೆರೆದಿಟ್ಟಿದ್ದರೆ ಮತ್ತೊಮ್ಮೆ ಒಟ್ಟು ತೂಕ ಹಿಡಿಯುವುದು ಉತ್ತಮ, ಆದರೆ ಅಷ್ಟರೊಳಗೆ ಯಾರಿಗೂ ಬಡಿಸಿರಬಾರದು.

ಬಸಿದ ನೀರಿನಲ್ಲಿ ಬಿಳುಪಾಗಿ ಹೋಗುವ ಪಿಷ್ಟವನ್ನೂ ಲೆಕ್ಕಕ್ಕೆ ತರಬೇಕೇ ಎಂಬ ಪ್ರಶ್ನೆಗೆ ಉಪ್ಪು ಹಾಕದೆ ಬೇಯಿಸಿ, ಬಸಿದ ನೀರನ್ನೆಲ್ಲ ಸಣ್ಣ ಉರಿಯಲ್ಲಿ ಇಂಗಿಸಿ ನೋಡಿದೆ. 300 ಗ್ರಾಂ ಪಾಸ್ತಾದಿಂದ ಪಾತ್ರೆಯ ತಳದಲ್ಲಿ ಉಳಿದ ಹಪ್ಪಳದಂಥ ಪದರ 14 ಗ್ರಾಂ ತೂಗಿತು. ಅಂದರೆ ಹೆಚ್ಚುಕಡಿಮೆ ನೂರಕ್ಕೆ ಐದು ಪಾಲು, ಇಡೀ ಪಾತ್ರೆಗೆ 60 ಕಿಲೋಕ್ಯಾಲೊರಿಗಿಂತ ಹೆಚ್ಚಲ್ಲ. ಇದನ್ನು ಕಳೆಯದೆ ಬಿಡಲು ನಿರ್ಧರಿಸಿದೆ. ಲೆಕ್ಕ ವಾಸ್ತವಕ್ಕಿಂತ ತುಸು ಮೇಲೆ ನಿಲ್ಲುವುದು ಅಪ್ಪನ ದೃಷ್ಟಿಯಿಂದ ಸುರಕ್ಷಿತ. ಜೊತೆಗೆ ಆ ನೀರಿನ ಒಂದು ಸೌಟು ಸಾಸಿಗೆ ಮರಳಿ ಸೇರುವುದೂ ಉಂಟು.

ಪಾಸ್ತಾದ ತೂಕವನ್ನು ಗ್ರಾಂ ಮಟ್ಟಕ್ಕೆ ಅಳೆದು ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿದರೆ ಈ ಶ್ರಮಕ್ಕೆ ಅರ್ಥವಿಲ್ಲ. ಕೊಬ್ಬಿಗೆ ಗ್ರಾಂಗೆ 9 ಕಿಲೋಕ್ಯಾಲೊರಿ, ಪಿಷ್ಟ ಮತ್ತು ಪ್ರೋಟೀನಿಗೆ 4. 15 ಮಿಲಿಲೀಟರಿನ ಒಂದು ದೊಡ್ಡ ಚಮಚ ಎಣ್ಣೆ ಸುಮಾರು 13.5 ಗ್ರಾಂ ತೂಗುತ್ತದೆ, 120 ಕಿಲೋಕ್ಯಾಲೊರಿ ಕೊಡುತ್ತದೆ. ಇದು ಒಣ ಪಾಸ್ತಾದ 34 ಗ್ರಾಂಗೆ ಸಮ. ಹೀಗಾಗಿ ಎಣ್ಣೆಯ ಸೀಸೆಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಒತ್ತಿ, ಬಾಣಲೆಗೆ ಸುರಿದು ಮರಳಿ ಇಡುವ ಅಭ್ಯಾಸ ಮಾಡಿಕೊಂಡಿದ್ದೇವೆ. ಮೈನಸ್ ಚಿಹ್ನೆಯೊಂದಿಗೆ ಬರುವ ಅಂಕಿಯೇ ಸುರಿದ ಎಣ್ಣೆಯ ತೂಕ. ತುರಿದ ಚೀಸ್‌ಗೂ ಇದೇ ಕ್ರಮ. ಸಾಸು, ತರಕಾರಿ ಬೆರೆಸಿದ ಮೇಲೆ ಬಡಿಸುವುದಾದರೆ ‘ಬೆಂದ’ ಗುಂಡಿಯನ್ನು ಬೆರೆಸಿದ ನಂತರವೇ ಒತ್ತಬೇಕು. ಮಿಶ್ರಣ ಸಮನಾಗಿದ್ದರೆ ತಟ್ಟೆಯ ಒಣತೂಕ ಆಗಲೂ ಸರಿಯಾಗಿಯೇ ಬರುತ್ತದೆ. ದೊಡ್ಡ ತರಕಾರಿ ಹೋಳುಗಳಿದ್ದಾಗ ಮಾತ್ರ ನಾನು ಪಾಸ್ತಾವನ್ನು ಮೊದಲು ತಟ್ಟೆಗಳಿಗೆ ಹಂಚಿ, ಸಾಸನ್ನು ಮೇಲೆ ಬಡಿಸುತ್ತೇನೆ.

ಲೋಟದಲ್ಲಿ ಅಳೆಯುವವರಿಗೆ ಒಂದು ಮಾತು. 240 ಮಿಲಿಲೀಟರಿನ ಒಂದೇ ಕಪ್ಪಿನಲ್ಲಿ ಸಣ್ಣ ಮೆಕರೋನಿ ಸುಮಾರು 110 ಗ್ರಾಂ, ಪೆನ್ನೆ 90, ತಿರುಪಿನಾಕಾರದ ಫುಸಿಲ್ಲಿ 80 ಗ್ರಾಂ ಹಿಡಿಯಿತು. ಆಕಾರ ಬದಲಾದರೆ ಗಾಳಿಯ ಜಾಗ ಬದಲಾಗುತ್ತದೆ. ಹೀಗಾಗಿ ಕಪ್ಪನ್ನು ಪೂರ್ತಿ ಕೈಬಿಟ್ಟೆ.

ಉದ್ದ ಎಳೆಗಳ ಪಾಸ್ತಾವಾದ ಸ್ಪಗೆಟಿಯನ್ನು ಒಂದು ತೂತು ತುಂಬುವಷ್ಟು ಹಿಡಿದು ಒಬ್ಬರ ಪಾಲು ಅಳೆಯುವ ತೂತಿನ ಹಲಗೆಯನ್ನು ಮಾತ್ರ ಅಷ್ಟು ಬೇಗ ಕೈಬಿಡಬಾರದು. ಪುಣೆಯಲ್ಲಿ ಒಬ್ಬಳೇ ಇರುವ ತಂಗಿ ಯಾವಾಗಲೂ ಒಂದೇ ಕಂಪನಿಯ ಸ್ಪಗೆಟಿ ತರುತ್ತಾಳೆ, ಒಬ್ಬಳಿಗೇ ಬೇಯಿಸಿಕೊಳ್ಳುತ್ತಾಳೆ. ಅವಳಿಗೆ ಈ ತಕ್ಕಡಿ ಬೇಕಿಲ್ಲವೆಂದು ತೇಗದ ತುಂಡೊಂದರಲ್ಲಿ ಹಲಗೆ ಮಾಡಿಕೊಟ್ಟೆ. 25 ಸೆಂಟಿಮೀಟರ್ ಮೀರಿದ ಉದ್ದ, 1.75 ಮಿಲಿಮೀಟರ್ ದಪ್ಪದ ಒಂದು ಎಳೆ ಸುಮಾರು 0.9 ಗ್ರಾಂ ತೂಗುತ್ತದೆ. 80 ಗ್ರಾಂ ಎಂದರೆ 90 ಎಳೆಗಳ ಹಿಡಿ. ಎಳೆಗಳ ನಡುವೆ ಉಳಿಯುವ ಸಂದುಗಳನ್ನು ಸೇರಿಸಿದರೆ ಅದಕ್ಕೆ 19.5 ಮಿಲಿಮೀಟರಿನ ತೂತು ಬೇಕೆಂದು ಲೆಕ್ಕ ಬಂತು. ಸಿಗುವ ಡ್ರಿಲ್ ಬಿಟ್‌ಗಳಲ್ಲಿ 20 ಮಿಲಿಮೀಟರಿನದೇ ಸಮೀಪದ್ದು. 2019ರ ಶ್ರೇಣಿಯ ಒಂದು ರೂಪಾಯಿ ನಾಣ್ಯದ ವ್ಯಾಸವೂ 20 ಮಿಲಿಮೀಟರ್ ಆಗಿರುವುದರಿಂದ ಕೊರೆದ ತೂತನ್ನು ನಾಣ್ಯದಿಂದಲೇ ಪರೀಕ್ಷಿಸಬಹುದು.

ತೂತಿನಲ್ಲಿ ಹಿಡಿಯುವ ಪಾಸ್ತಾದ ತೂಕ ಅದರ ವ್ಯಾಸವನ್ನಲ್ಲ, ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಇಬ್ಬರ ಪಾಲಿಗೆ 40 ಮಿಲಿಮೀಟರ್ ತೂತು ಕೊರೆದರೆ ಅದರಲ್ಲಿ ನಾಲ್ವರ ಪಾಲು ಹಿಡಿಯುತ್ತದೆ. ಇಬ್ಬರಿಗೆ ಬೇಕಾದದ್ದು 28 ಮಿಲಿಮೀಟರ್. ಡ್ರಿಲ್ ಅಲುಗಿ 20 ಇರಬೇಕಾದದ್ದು 21 ಆದರೂ ತೂಕ ನೂರಕ್ಕೆ ಹತ್ತರಷ್ಟು ಏರುತ್ತದೆ, ಅಂದರೆ ಒಂದು ಊಟಕ್ಕೆ ಸುಮಾರು 29 ಕಿಲೋಕ್ಯಾಲೊರಿ. ಕೈಯ ಒತ್ತಡ ಇದಕ್ಕಿಂತ ದೊಡ್ಡ ತೊಂದರೆ. ಅದೇ 20 ಮಿಲಿಮೀಟರ್ ತೂತಿನಲ್ಲಿ ಸಡಿಲವಾಗಿ ಇಳಿಬಿಟ್ಟಾಗ 72 ಗ್ರಾಂ, ಒಂದೊಂದೇ ಎಳೆಯನ್ನು ತುರುಕುತ್ತ ಹೋದಾಗ 95 ಗ್ರಾಂ ದಾಟಿತು. ಎಳೆಯ ದಪ್ಪ ಸ್ವಲ್ಪ ಬದಲಾದರೆ ಒಟ್ಟು ತೂಕ ಅಷ್ಟಾಗಿ ಬದಲಾಗುವುದಿಲ್ಲ, ಉದ್ದ ಬದಲಾದರೆ ಮಾತ್ರ ನೇರವಾಗಿ ಅದೇ ಪ್ರಮಾಣದಲ್ಲಿ ಬದಲಾಗುತ್ತದೆ. ತೂತನ್ನು ತುಂಬಿದ ಮೇಲೆ ಹಲಗೆಯನ್ನು ತಲೆಕೆಳಗು ಮಾಡಿದರೆ ಹಿಡಿ ತಾನಾಗಿ ಜಾರಿ ಬೀಳಬೇಕು ಎಂಬ ನಿಯಮವನ್ನು ಇಟ್ಟುಕೊಂಡಾಗ ತೂಕ 80ರಿಂದ 85 ಗ್ರಾಂ ನಡುವೆ ನಿಂತಿತು. ಅಪ್ಪನ 60 ಗ್ರಾಂಗೂ ಒಂದು ತೂತು ಮಾಡಿ ನೋಡಿದೆ: 16 ಮಿಲಿಮೀಟರ್ ಬಿಟ್‌ನಿಂದ ಕೊರೆದು, ದುಂಡು ಅರದಿಂದ 17ರವರೆಗೆ ಉಜ್ಜಬೇಕಾಯಿತು. ಆದರೆ ಔಷಧಿಯ ಪ್ರಮಾಣಕ್ಕೆ ತಳುಕು ಹಾಕಿಕೊಂಡಿರುವ ಊಟವನ್ನು ಹಲಗೆಯ ಮೇಲೆ ಬಿಡಲು ನನಗೆ ಮನಸ್ಸಾಗಲಿಲ್ಲ. ಅವರ ಪಾಲು ಇಂದಿಗೂ ತಕ್ಕಡಿಯಲ್ಲೇ ನಿರ್ಧಾರವಾಗುತ್ತದೆ.

ಒಣ ಪಾಸ್ತಾವೂ ಪೂರ್ತಿ ಒಣಗಿದ್ದಲ್ಲ. ಇಟಲಿಯ ಕಾನೂನಿನಂತೆ ಅದರಲ್ಲಿ ನೂರಕ್ಕೆ 12.5ರವರೆಗೆ ತೇವಾಂಶ ಇರಬಹುದು, ಪೊಟ್ಟಣ ತೆರೆದಿಟ್ಟರೆ ಮಳೆಗಾಲದಲ್ಲಿ ಇನ್ನಷ್ಟು ಹೀರುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಸುರಿದಿಟ್ಟು, ಪೊಟ್ಟಣದ ಕ್ಯಾಲೊರಿ ಇರುವ ಭಾಗವನ್ನು ಕತ್ತರಿಸಿ ಡಬ್ಬಿಗೆ ಅಂಟಿಸುತ್ತೇನೆ.

ತಕ್ಕಡಿಯ ನಿರ್ವಹಣೆಗೆ ಹೆಚ್ಚು ಕೆಲಸವಿಲ್ಲ. ಆನ್ ಮಾಡಿದ ಮೇಲೆ ಎರಡು ನಿಮಿಷ ಬಿಟ್ಟು ಸೊನ್ನೆ ಒತ್ತಬೇಕು, ಏಕೆಂದರೆ ಚಿಪ್ ಮತ್ತು ಸೆಲ್ ಬೆಚ್ಚಗಾಗುವವರೆಗೆ ಎಣಿಕೆ ನಿಧಾನವಾಗಿ ಸರಿಯುತ್ತಿರುತ್ತದೆ. ಭಾರದ ಪಾತ್ರೆಯನ್ನು ಹಲಗೆಯ ಮೇಲೆಯೇ ಬಿಟ್ಟು ಹೋಗಬಾರದು. ತಿಂಗಳಿಗೊಮ್ಮೆ ಹತ್ತು ನಾಣ್ಯ ಇಟ್ಟು ನೋಡುತ್ತೇನೆ, 85 ಅಥವಾ 86 ಬಂದರೆ ಹಾಗೆಯೇ ಬಿಡುತ್ತೇನೆ. 84 ಅಥವಾ 87 ಬಂದರೆ ಮೊದಲು ವಾಷರ್‌ಗಳ ಸಂದಿಯಲ್ಲಿ ಹಿಟ್ಟು, ಪಾಸ್ತಾ ಚೂರು ಸಿಕ್ಕಿದೆಯೇ ಎಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ನೋಡಿ, ಆಮೇಲೂ ಸರಿಹೋಗದಿದ್ದರೆ ಬೊಟ್ಟುಗಳನ್ನು ಮತ್ತೆ ಕೇಳಿ ತಂದು 417ರ ಅಂಕಿಯನ್ನು ಹೊಸದಾಗಿ ಹೊಂದಿಸಬೇಕು.